ಟಿಬೇರಿಯಸ್ ಬೆಳ್ಳಿ ನಾಣ್ಯ ಕೊಳ್ಳುವ ಮುಂಚೆ ಇದನ್ನು ಓದಿ

ಹೋದ ತಿಂಗಳು 18,000 ರೂಪಾಯಿ ಕೊಟ್ಟು ರೋಮ್ ಚಕ್ರವರ್ತಿ ಟಿಬೇರಿಯಸ್ ಕಾಲದ್ದು ಅಂತ ಒಂದು ಡಿನೇರಿಯಸ್, ಅಂದರೆ ರೋಮನ್ನರ ಬೆಳ್ಳಿ ನಾಣ್ಯ, ಕೊಂಡೆ. ಅದು ನಕಲಿ. ನಾಣ್ಯ ಕೂಡಿಡುವ ಗೆಳೆಯರು ಯಾರೂ ಹೀಗೆ ದುಡ್ಡು ಕಳೆದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ.

"ಯಶವಂತಪುರದ ಹತ್ರ ಪಾಯ ತೆಗೆಯುವಾಗ ಸಿಕ್ಕಿದ್ದು ಸಾರ್" ಅಂದ ಮಾರಿದವನು. ನಾನು ನಂಬಿದ್ದು ಈ ಮಾತಿಗೇ. ಯಾಕೆಂದರೆ 1891ರಲ್ಲಿ ಯಶವಂತಪುರದಲ್ಲಿ ನಿಜವಾಗಿಯೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಟಿಬೇರಿಯಸ್ ಮತ್ತು ಅವನಿಗಿಂತ ಮುಂಚಿನ ಚಕ್ರವರ್ತಿ ಅಗಸ್ಟಸ್ ಕಾಲದವು ಸಿಕ್ಕಿವೆ, ಹಾಗಾಗಿ ಮಾತು ಸುಳ್ಳು ಅನ್ನಿಸಲಿಲ್ಲ.

ಚಿತ್ರಗಳೂ ಸರಿಯಾಗೇ ಇದ್ದವು. ಒಂದು ಕಡೆ ತಲೆಗೆ ಎಲೆಮಾಲೆ ಕಟ್ಟಿದ ಟಿಬೇರಿಯಸ್, ಸುತ್ತ ಲ್ಯಾಟಿನ್‌ನಲ್ಲಿ 'ದೈವ ಅಗಸ್ಟಸ್‌ನ ಮಗ' ಅನ್ನುವ ಬರಹ. ದತ್ತು ತೆಗೆದುಕೊಂಡ ತಂದೆ ತೀರಿಹೋಗಿ ದೇವರಾದ, ನಾನು ಆ ದೇವರ ಮಗ ಅಂತ ಸಾಮ್ರಾಜ್ಯದ ಸಂತೆ ಸಂತೆಗೂ ಸಾರಿದ ನಾಣ್ಯ ಅದು. ಹಿಂಬದಿಯಲ್ಲಿ ದಂಡ, ಕೊಂಬೆ ಹಿಡಿದು ಕೂತ ಹೆಂಗಸು. ಅವಳು ಟಿಬೇರಿಯಸ್‌ನ ತಾಯಿ ಲಿವಿಯಾ ಅಂತ ಬಹಳ ಜನ ಹೇಳುತ್ತಾರೆ. ಎಷ್ಟೋ ವರ್ಷದಿಂದ ಬೇಕು ಅಂದುಕೊಂಡಿದ್ದ ನಾಣ್ಯ, ಕೈಗೆ ಬಂದಾಗ ಕಣ್ಣು ತುಂಬಿತ್ತು.

ಎರಡು ವಾರದ ಮೇಲೆ ಅದೇ ಆಸಾಮಿ ಇನ್ನೊಂದು ನಾಣ್ಯದ ಫೋಟೋ ಹಾಕಿದ. ಗಲ್ಲದ ಕೆಳಗೆ ಅದೇ ಗೀರು, ಅಂಚಿನಾಚೆ ಜಾರಿದ ಅದೇ ಎರಡು ಅಕ್ಷರ! ಕೇಳಿದರೆ "ಒಂದೇ ಕುಡಿಕೇದು ಸಾರ್, ಹಂಗೇ ಇರುತ್ತೆ" ಅಂದ, ಆಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದ.

ಹಂಗೆ ಇರಲ್ಲ. ಆ ಕಾಲದ ನಾಣ್ಯಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಅಚ್ಚು ಒಂದೇ ಆದರೂ ಚಿತ್ರ ಕೂರುವ ಜಾಗ, ಅಂಚಿನ ಆಕಾರ, ಆಮೇಲೆ ಬಿದ್ದ ಗೀರು ಎಲ್ಲ ಬೇರೆ ಬೇರೆ. ಗೀರೂ ಒಂದೇ ಅಂದರೆ ಎರಕ ಹೊಯ್ದಿದ್ದಾರೆ ಅಂತಲೇ ಅರ್ಥ. ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬ ಸೂಜಿಮೊನೆಯಂಥ ತೂತುಗಳು, ಅಂಚಿನಲ್ಲಿ ಅರ ಹಾಕಿ ಉಜ್ಜಿದ ಗುರುತು. ತೂಕ 2.9 ಗ್ರಾಂ. ಈ ಬಗೆಯ ಅಸಲಿ ನಾಣ್ಯ ಜಾಸ್ತಿ ಸವೆಯದಿದ್ದರೆ 3.7 ಗ್ರಾಂ ಆಸುಪಾಸು ತೂಗುತ್ತದೆ. ಅಂಟಲ್ಲ ನೋಡಿ, ಬೆಳ್ಳಿಯೇ ಅಂತ ಮಾರಿದವನು ಆಯಸ್ಕಾಂತ ಹಿಡಿದು ತೋರಿಸಿದ್ದ, ಅದನ್ನು ಸುಮ್ನೆ ನಂಬಬೇಡಿ. ತವರ, ತಾಮ್ರ ಕೂಡ ಆಯಸ್ಕಾಂತಕ್ಕೆ ಅಂಟುವುದಿಲ್ಲ ಅಲ್ವಾ?

ಇನ್ನೊಂದು ಮಾತು. ಅವನ ಕಥೆ ನಿಜವೇ ಆಗಿದ್ದರೂ ನಾನು ಕೊಳ್ಳಬಾರದಿತ್ತು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಇಂಥ ಹಳೆಯ ವಸ್ತುಗಳ ವ್ಯಾಪಾರಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಲೈಸೆನ್ಸ್ ತೋರಿಸಿ ಅಂತ ನಾನು ಕೇಳಲೇ ಇಲ್ಲ.

ಕೊಳ್ಳುವವರು ಮೊದಲು ಅಂಚಿನ ಫೋಟೋ, ತಕ್ಕಡಿ ಮೇಲಿಟ್ಟ ಫೋಟೋ ಕೇಳಿ. ನನ್ನ ನಾಣ್ಯದ ಫೋಟೋಗಳನ್ನೂ ಹಾಕಿದ್ದೇನೆ. ನಿಮಗೆ ತೋರಿಸಿದ ನಾಣ್ಯದಲ್ಲೂ ಟಿಬೇರಿಯಸ್ ಗಲ್ಲದ ಕೆಳಗೆ ಇದೇ ಗೀರು ಇದ್ದರೆ ದಯವಿಟ್ಟು ದುಡ್ಡು ಕೊಡಬೇಡಿ.