ತರಗತಿಯ ಗೋಡೆಯ ಮೇಲೆ ಅಜ್ಜಿಯರ ಲೆಕ್ಕ: ಗ್ಯಾಪ್‌ಮೈಂಡರ್ ಬಬಲ್ ಚಾರ್ಟ್ ಬಳಸಿ ನೋಡಿದಾಗ

ಶಿಡ್ಲಘಟ್ಟದ ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನನಗೆ ಜನಸಂಖ್ಯೆಯ ಪಾಠ ಪ್ರತಿವರ್ಷವೂ ಒಂದು ತೊಡಕಾಗಿತ್ತು. ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ, ಇಷ್ಟಿತ್ತು, ಇಷ್ಟಕ್ಕಿಳಿಯಿತು ಎಂದು ಹಲಗೆಯ ಮೇಲೆ ಎರಡು ಅಂಕಿ ಬರೆದರೆ ಮಕ್ಕಳು ಅವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಿದ್ದರೇ ಹೊರತು, ಅಜ್ಜಿ ಎಂಟು ಹೆತ್ತ ಮನೆಯಲ್ಲಿಯೇ ತಾಯಿ ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಂಡ ಸಂಗತಿ ಆ ಅಂಕಿಗಳೊಳಗೆ ಕುಳಿತಿದೆ ಎಂಬುದು ಅವರಿಗೆ ಹೊಳೆಯುತ್ತಿರಲಿಲ್ಲ. ಸ್ವೀಡನ್ನಿನ ಗ್ಯಾಪ್‌ಮೈಂಡರ್ ಸಂಸ್ಥೆ ಉಚಿತವಾಗಿ ನೀಡುವ ಬಬಲ್ ಚಾರ್ಟನ್ನು ತರಗತಿಗೆ ತಂದ ಮೇಲೆ ಆ ತೊಡಕು ಬಹುಮಟ್ಟಿಗೆ ಬಗೆಹರಿದಿದೆ.

ಈ ಸಂಸ್ಥೆಯನ್ನು 2005ರಲ್ಲಿ ತಮ್ಮ ಮಗ ಮತ್ತು ಸೊಸೆಯೊಡನೆ ಕಟ್ಟಿದ ಹಾನ್ಸ್ ರೋಸ್ಲಿಂಗ್ ವೈದ್ಯರಾಗಿದ್ದರು. 1972ರಲ್ಲಿ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸಾರ್ವಜನಿಕ ಆರೋಗ್ಯ ಓದಿದ್ದರು ಎಂದು ಹೇಳಿದರೆ ನಮ್ಮ ಮಕ್ಕಳ ಮುಖ ಅರಳುತ್ತದೆ.

ಚಾರ್ಟಿನ ರಚನೆ ಸರಳವಾದುದು. ಒಂದೊಂದು ದೇಶಕ್ಕೆ ಒಂದೊಂದು ಗುಳ್ಳೆ. ಜನಸಂಖ್ಯೆ ಹೆಚ್ಚಿದಷ್ಟೂ ಗುಳ್ಳೆ ದೊಡ್ಡದು. ಎರಡು ಅಕ್ಷಗಳ ಮೇಲೆ ಯಾವ ವಿಷಯ ಬೇಕೆಂಬುದನ್ನು ನಾವೇ ಆರಿಸಿಕೊಳ್ಳಬಹುದು, ಕೆಳಗಿನ ಗುಂಡಿ ಒತ್ತಿದರೆ ವರ್ಷಗಳು ಉರುಳುತ್ತವೆ, ಗುಳ್ಳೆಗಳು ಚಲಿಸುತ್ತವೆ. ತೆರೆದ ಕೂಡಲೇ ಕಾಣುವುದು ಆದಾಯ ಮತ್ತು ಆಯುಷ್ಯದ ಚಿತ್ರ. ಅದನ್ನು ಬದಲಿಸಿ, ಲಂಬ ಅಕ್ಷಕ್ಕೆ ಒಬ್ಬ ಮಹಿಳೆಗೆ ಎಷ್ಟು ಮಕ್ಕಳು ಎಂಬುದನ್ನೂ ಅಡ್ಡ ಅಕ್ಷಕ್ಕೆ ಐದು ವರ್ಷದೊಳಗಿನ ಮಕ್ಕಳ ಮರಣ ದರವನ್ನೂ ಇಟ್ಟುಕೊಳ್ಳಬೇಕೆಂಬುದು ನನ್ನ ಸಲಹೆ. ಆದಾಯವನ್ನು ಇಟ್ಟು ತೋರಿಸಿದ ಮೊದಲ ವರ್ಷ, ಹಣ ಬಂದರೆ ಮಕ್ಕಳು ಕಡಿಮೆಯಾಗುತ್ತಾರೆ ಎಂಬ ಅರೆಸತ್ಯವನ್ನಷ್ಟೇ ಮಕ್ಕಳು ಮನೆಗೆ ಒಯ್ದರು. ಮರಣ ದರವನ್ನು ಇಟ್ಟಾಗ ನಡೆದದ್ದೇ ಬೇರೆ.

1950ರಲ್ಲಿ ಭಾರತದ ಗುಳ್ಳೆ ಮೇಲ್ಗಡೆ, ಬಲಮೂಲೆಯ ಹತ್ತಿರ ಇರುತ್ತದೆ: ಒಬ್ಬ ಮಹಿಳೆಗೆ ಹೆಚ್ಚುಕಡಿಮೆ ಆರು ಮಕ್ಕಳು. 1960ರ ಹೊತ್ತಿಗೂ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ ಸುಮಾರು 240 ಮಕ್ಕಳು ಐದು ತುಂಬುವ ಮೊದಲೇ ತೀರಿಹೋಗುತ್ತಿದ್ದರು. ಮೊದಮೊದಲು ಗುಳ್ಳೆ ಕೆಳಗಿಳಿಯುವುದಕ್ಕಿಂತ ಹೆಚ್ಚಾಗಿ ಎಡಕ್ಕೆ ಸರಿಯುತ್ತದೆ, ಅಂದರೆ ಸಾವು ಮೊದಲು ಕಡಿಮೆಯಾಗುತ್ತದೆ. ಹೆರಿಗೆಗಳು ಅದರ ಹಿಂದೆ ಇಳಿಯುತ್ತವೆ. ಇಲ್ಲಿ ನಾನು ಚಿತ್ರವನ್ನು ನಿಲ್ಲಿಸಿ ನನ್ನ ಅಜ್ಜಿಯ ವಿಷಯ ಹೇಳುತ್ತೇನೆ. ಆಕೆ ಹೆತ್ತದ್ದು ಒಂಬತ್ತು, ಕೈಗೆ ಉಳಿದದ್ದು ಐದು. ಹುಳು ಸಾಕುವ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯಲು, ತಟ್ಟೆ ಬದಲಿಸಲು ಪುಟ್ಟ ಕೈಗಳು ಬೇಕಿದ್ದವು ಎಂಬುದು ನಿಜ. ಆದರೆ ಎಷ್ಟು ಉಳಿಯುತ್ತವೆಯೋ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು ಎಂಬುದನ್ನು ಆಕೆಯ ಬಾಯಿಂದಲೇ ಕೇಳಿದ್ದೇನೆ. ಅಷ್ಟು ಹೇಳಿ ಮತ್ತೆ ಗುಂಡಿ ಒತ್ತಿದರೆ ಮಕ್ಕಳು ಗುಳ್ಳೆಯನ್ನು ನೋಡುವ ರೀತಿಯೇ ಬದಲಾಗಿರುತ್ತದೆ.

ಸರ್ಕಾರದ ಒತ್ತಾಯ ಎಷ್ಟು ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರಿಸುವ ಬೇರೊಂದು ಬೋಧನಾ ಸಾಧನವನ್ನು ನಾನು ಕಂಡಿಲ್ಲ. ಚೀನಾದ ಗುಳ್ಳೆ 1970ರ ಸುಮಾರಿಗೆ ಆರರ ಹತ್ತಿರವಿದ್ದು, 1980ರಲ್ಲಿ ಒಂದೇ ಮಗುವಿನ ನೀತಿ ಬರುವ ಹೊತ್ತಿಗಾಗಲೇ ಮೂರಕ್ಕಿಂತ ಕೆಳಗೆ ಬಂದಿರುತ್ತದೆ. ಗ್ರಾಮೀಣ ಆರೋಗ್ಯ ಕೇಂದ್ರಗಳ ಜಾಲ ಮತ್ತು ಹೆಣ್ಣುಮಕ್ಕಳ ಶಾಲೆ ಹಬ್ಬಿದ ಇರಾನ್, ಅಂಥ ಕಾನೂನಿಲ್ಲದೆ, 1980ರ ದಶಕದ ಆರಂಭದಲ್ಲಿ ಆರನ್ನು ಮೀರಿದ್ದ ದರವನ್ನು 2000ದ ಸುಮಾರಿಗೆ ಎರಡರ ಸಮೀಪಕ್ಕೆ ಇಳಿಸಿಕೊಂಡಿತು. ತಿರುವುಮುರುವಾಗಿ, ರೊಮೇನಿಯಾ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದಾಗ ದರ 1.9ರಿಂದ ಮರುವರ್ಷವೇ 3.7ಕ್ಕೆ ಜಿಗಿಯಿತು, ಕಾನೂನು 1989ರವರೆಗೆ ಉಳಿದರೂ ದರ ಮಾತ್ರ ಕೆಲವೇ ವರ್ಷಗಳಲ್ಲಿ ಮತ್ತೆ ಇಳಿಯತೊಡಗಿತು, ಆ ನಡುವೆ ಅನೇಕ ಹೆಂಗಸರು ಕದ್ದುಮುಚ್ಚಿ ಗರ್ಭ ತೆಗೆಸಿಕೊಳ್ಳಲು ಹೋಗಿ ಪ್ರಾಣ ಕಳೆದುಕೊಂಡರು. ನಮ್ಮಲ್ಲಿ ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಲವಂತವಾಗಿ ಸಂತಾನಹರಣ ಚಿಕಿತ್ಸೆ ನಡೆದ ವರ್ಷಗಳಲ್ಲಿಯೂ ಭಾರತದ ಗುಳ್ಳೆ ಎಂದಿನ ನಿಧಾನದಲ್ಲಿಯೇ ಇಳಿಯುತ್ತದೆ. ಆ ಬಲವಂತಕ್ಕೆ ಜನ ತೆತ್ತ ಬೆಲೆಯನ್ನು ನೆನೆದರೆ ಈ ದೃಶ್ಯ ನನ್ನನ್ನು ಪ್ರತಿಸಲವೂ ಕಲಕುತ್ತದೆ.

ಬಳಸುವವರು ಕೆಲವು ವಿಷಯಗಳಲ್ಲಿ ಎಚ್ಚರದಿಂದಿರಬೇಕು. ವರ್ಷಗಳು 1800ರಿಂದ ಆರಂಭವಾಗುತ್ತವೆಯಾದರೂ ಅಷ್ಟು ಹಿಂದಿನ ಅಂಕಿಗಳು ಬಹುತೇಕ ಅಂದಾಜುಗಳು. ನಾನು 1950ರಿಂದಲೇ ಶುರುಮಾಡುತ್ತೇನೆ. ಎರಡನೆಯದು ಇದಕ್ಕಿಂತ ಮುಖ್ಯವಾದುದು. "1.7 ಮಗು ಎಂದರೆ ಏನು ಮೇಡಂ?" ಎಂದು ಕಳೆದ ವರ್ಷ ಒಬ್ಬ ಹುಡುಗಿ ಕೇಳಿದಾಗ ಇಡೀ ತರಗತಿ ನಕ್ಕಿತು, ಆದರೆ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಒಂದು ವರ್ಷದಲ್ಲಿ 15ರಿಂದ 49ರವರೆಗಿನ ಪ್ರತಿ ವಯಸ್ಸಿನಲ್ಲೂ ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಹೆರಿಗೆಗಳಾದವು ಎಂಬುದನ್ನು ಕೂಡಿಸಿ ಬರುವ ಸಂಖ್ಯೆ ಅದು. ಯಾವೊಬ್ಬ ಹೆಂಗಸಿನ ಬದುಕಿನ ಲೆಕ್ಕವೂ ಅಲ್ಲ. ಹುಡುಗಿಯರು ಡಿಗ್ರಿ ಮುಗಿಸಿ ತಡವಾಗಿ ಮದುವೆಯಾಗತೊಡಗಿದ ಕಾಲದಲ್ಲಿ, ಅವರು ಮುಂದೆ ಹೆರಲಿರುವ ಮಕ್ಕಳು ಇನ್ನೂ ಲೆಕ್ಕಕ್ಕೆ ಬಾರದ ಕಾರಣ, ದರ ನಿಜಕ್ಕಿಂತ ಹೆಚ್ಚು ಕುಸಿದಂತೆ ಕಾಣುತ್ತದೆ. 2023ರಲ್ಲಿ ದಕ್ಷಿಣ ಕೊರಿಯಾ ಮುಟ್ಟಿದ 0.72ನ್ನು ತೋರಿಸುವಾಗಲೂ ಈ ಮಾತನ್ನು ಹೇಳಲೇಬೇಕು, ಆದರೆ ಆ ಕುಸಿತವನ್ನೆಲ್ಲ ತಡವಾದ ಮದುವೆಯೊಂದರಿಂದಲೇ ವಿವರಿಸಲಾಗದು ಎಂಬುದನ್ನೂ ಸೇರಿಸಬೇಕು.

ದೇಶಕ್ಕೊಂದೇ ಗುಳ್ಳೆ ಎಂಬ ಸ್ವರೂಪದಿಂದಾಗಿ ಕರ್ನಾಟಕವು ಭಾರತದೊಳಗೆ ಅಡಗಿಹೋಗುತ್ತದೆ. ಅದಕ್ಕಾಗಿ ಪರದೆಯ ಪಕ್ಕದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಬರೆದಿಡುತ್ತೇನೆ: 1992-93ರಲ್ಲಿ ದೇಶದ ದರ 3.4 ಇದ್ದದ್ದು 2019-21ರಲ್ಲಿ 2.0 ಆಯಿತು, ಅದೇ ಅವಧಿಯಲ್ಲಿ ಕರ್ನಾಟಕ 2.9ರಿಂದ 1.7ಕ್ಕೆ ಬಂದಿತು, ಬಿಹಾರ ಇನ್ನೂ 3.0ರಲ್ಲಿತ್ತು. ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದ 2.1ರ ಗೆರೆಯನ್ನು ಎಳೆದರೆ ನಮ್ಮ ರಾಜ್ಯ ಅದರ ಕೆಳಗಿರುವುದು ಮಕ್ಕಳಿಗೆ ತಾನಾಗಿಯೇ ಕಾಣುತ್ತದೆ. 1930ರಷ್ಟು ಹಿಂದೆಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ಮೈಸೂರು ಸಂಸ್ಥಾನಕ್ಕೆ ನಮ್ಮ ಈ ಊರೂ ಸೇರಿತ್ತು ಎಂಬುದನ್ನು ಹೇಳುವುದು ಆಗಲೇ.

ಇಂಟರ್ನೆಟ್ ನೆಚ್ಚಿಕೊಳ್ಳಲಾಗದ ಕಾಲೇಜುಗಳಿಗೆ ಕಂಪ್ಯೂಟರಿಗೆ ಹಾಕಿಕೊಳ್ಳುವ ಆಫ್‌ಲೈನ್ ಆವೃತ್ತಿಯೂ ಇದೆ. ನಾನು ಬಳಸುವುದು ಅದನ್ನೇ. ಅಕ್ಷಗಳ ಹೆಸರನ್ನು ಕನ್ನಡದಲ್ಲಿ ಬರೆದ ಎರಡು ರಟ್ಟಿನ ಪಟ್ಟಿಗಳನ್ನು ಪರದೆಯ ಅಂಚಿಗೆ ಅಂಟಿಸಿದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಯಾವ ತೊಂದರೆಯೂ ಆಗುವುದಿಲ್ಲ. ಚಿಂತಾಮಣಿಯ ಸಹೋದ್ಯೋಗಿಯೊಬ್ಬರು ಹೋದ ತಿಂಗಳು ಪೆನ್‌ಡ್ರೈವ್ ತಂದು ಇದರ ಪ್ರತಿ ಮಾಡಿಕೊಂಡು ಹೋದರು. ಆ ಎರಡು ರಟ್ಟಿನ ಪಟ್ಟಿಗಳ ಅಳತೆಯನ್ನೂ ಅವರಿಗೆ ಬರೆದುಕೊಟ್ಟಿದ್ದೇನೆ.