ಮಗನ ಗಮನಕ್ಕೆ ಯಾವುದು: ನ್ಯೂರೋಫೀಡ್‌ಬ್ಯಾಕ್, ಮಾತ್ರೆ, ಇಲ್ಲಾ ನಡವಳಿಕೆ ತರಬೇತಿ?

ಮುಂಬೈ ಬಳಿಯ ಡೊಂಬಿವಲಿಯ ಅಕ್ಕ, ಒಂಬತ್ತು ವರ್ಷದ ಮಗನ ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ) ಬ್ರೇನ್ ಮ್ಯಾಪಿಂಗ್ ಮಾಡಿಸಲೇ ಎಂದು ಕೇಳಿದ್ದೀರಿ.

ಮ್ಯಾಪಿಂಗ್‌ನಲ್ಲಿ ನೋವಿಲ್ಲ. ಸಾಮಾನ್ಯವಾಗಿ 19 ಎಲೆಕ್ಟ್ರೋಡ್‌ಗಳ ಟೋಪಿ ಹಾಕಿ, ಮೆದುಳಿನ ವಿದ್ಯುತ್ ಅಲೆಗಳನ್ನು ಬಣ್ಣದ ಚಿತ್ರ ಮಾಡುತ್ತಾರೆ. ಚಿತ್ರ ಚೆಂದ, ಆದರೆ ಅದೊಂದರಿಂದಲೇ ಎಡಿಎಚ್‌ಡಿ ಇದೆ ಎನ್ನಲಾಗದು. ಆಮೇಲಿನ ನ್ಯೂರೋಫೀಡ್‌ಬ್ಯಾಕ್‌ನಲ್ಲಿ, ಅಲೆ ಬೇಕಾದ ಹಾಗೆ ಬಂದರೆ ಪರದೆಯ ಮೇಲಿನ ಆಟ ಮುಂದೆ ಸಾಗುತ್ತದೆ.

ಪರಿಣಾಮವೇ ಮುಖ್ಯ, ಅಲ್ವಾ? ಪೋಷಕರು ಸುಧಾರಣೆ ಕಂಡಿದ್ದೇವೆ ಎನ್ನುವುದುಂಟು. ಆದರೆ ನಿಜವಾದ ತರಬೇತಿ ಯಾರಿಗೆ, ತೋರಿಕೆಯದು ಯಾರಿಗೆ ಎಂದು ಗೊತ್ತಿಲ್ಲದಂತೆ ನಡೆಸಿದ ಅಧ್ಯಯನಗಳಲ್ಲಿ ವ್ಯತ್ಯಾಸ ಬಹುಮಟ್ಟಿಗೆ ಕರಗಿಹೋಗಿದೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆಗೆ ಪುರಾವೆ ಜಾಸ್ತಿ ಗಟ್ಟಿ. ಕೆಲಸವೂ ಅದೇ ದಿನ ಕಾಣುತ್ತದೆ. ಹಸಿವು, ನಿದ್ದೆ ಕಡಿಮೆಯಾಗಬಹುದು, ವೈದ್ಯರ ನಿಗಾ ಬೇಕೇ ಬೇಕು.

ಖರ್ಚಿಗಿಂತ ಓಡಾಟ ಯೋಚಿಸಿ. ನ್ಯೂರೋಫೀಡ್‌ಬ್ಯಾಕ್‌ಗೆ ವಾರಕ್ಕೆ ಎರಡು ಮೂರು ಸಲದಂತೆ 30–40 ಸೆಷನ್ ಹೇಳುತ್ತಾರೆ. ಶಾಲೆ ಮುಗಿಸಿದ ಮಗುವನ್ನು ಸಂಜೆಯ ಲೋಕಲ್ ರೈಲಿನಲ್ಲಿ ಅಂಧೇರಿಯ ಸೆಂಟರಿಗೆ ಎಳೆದೊಯ್ಯುವುದು ಸುಲಭವಲ್ಲ. ಪರೇಲ್‌ನ ಕೆಇಎಂನಂಥ ಪಾಲಿಕೆ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಶುಲ್ಕ ಕಡಿಮೆ, ಸಾಲು ಉದ್ದ.

ಓದು, ಗೆಳೆತನ ಎರಡೂ ಕೆಡುತ್ತಿದ್ದರೆ ಮಾತ್ರೆಯ ಬಗ್ಗೆ ಮಕ್ಕಳ ಮನೋವೈದ್ಯರನ್ನು ಕೇಳಿ. ಮನೆಯ ಜಗಳ, ಹೋಂವರ್ಕ್ ಹಟವೇ ದೊಡ್ಡದಾದರೆ ಪೋಷಕರಿಗೂ ಕಲಿಸುವ ನಡವಳಿಕೆ ತರಬೇತಿ ಒಳ್ಳೆಯದು. ಆರು ವರ್ಷದೊಳಗಿನ ಮಕ್ಕಳಿಗಂತೂ ಅದೇ ಮೊದಲು. ಮಾತ್ರೆ ಒಗ್ಗದಿದ್ದರೆ, ಹಣ ಸಮಯ ಎರಡೂ ಇದ್ದರೆ, ನ್ಯೂರೋಫೀಡ್‌ಬ್ಯಾಕ್ ಜೊತೆಗಿರಲಿ. ಪೂರ್ತಿ ಪ್ಯಾಕೇಜಿನ ದುಡ್ಡು ಮೊದಲೇ ಕಟ್ಟಬೇಡಿ. ಸೆಂಟರಿನವರ ಮಾತಿಗೆ ಮಾತ್ರೆಯನ್ನೂ ನಿಲ್ಲಿಸಬೇಡಿ.