ಕನ್ನಡಕ್ಕೆ ಕಿವಿಗೊಡದ ಸ್ಪ್ಯಾನಿಷ್ ತರಗತಿ

ಮೆಕ್ಸಿಕೊದ ಕಚೇರಿಯೊಂದರ ಜೊತೆ ದಿನವೂ ವ್ಯವಹರಿಸಬೇಕಾಗಿ ಬಂದುದರಿಂದ, ಬೆಂಗಳೂರಿನ ಸಂಸ್ಥೆಯೊಂದು ನಡೆಸುವ ಹನ್ನೆರಡು ವಾರಗಳ ಆನ್‌ಲೈನ್ ಸ್ಪ್ಯಾನಿಷ್ ತರಗತಿಗೆ ಸೇರಿದ್ದೆ. ಎ1, ಅಂದರೆ ತೀರ ಆರಂಭದ ಹಂತದ ಪಾಠ, ವಾರಕ್ಕೆ ಎರಡು ಸಂಜೆ. ಪ್ರತಿ ತರಗತಿಯ ಕೊನೆಯ ಇಪ್ಪತ್ತು ನಿಮಿಷ ವ್ಯಾಕರಣದ ಪ್ರಶ್ನೆಗಳಿಗೆ ಮೀಸಲು. ಕಟ್ಟಿದ ಶುಲ್ಕ ಸಾರ್ಥಕವೆನಿಸಿದ್ದು ಆ ಇಪ್ಪತ್ತು ನಿಮಿಷಗಳಿಂದಲೇ. ನನ್ನ ತಕರಾರೂ ಹೆಚ್ಚಾಗಿ ಅಲ್ಲಿಯದೇ.

ಹೊಸಬರೆಲ್ಲ ಮೊದಲು ಕೇಳುವುದು ‘ಇರು’ ಎಂಬರ್ಥದ ಎರಡು ಕ್ರಿಯಾಪದಗಳಾದ ‘ಸೆರ್’ ಮತ್ತು ‘ಎಸ್ತಾರ್’ಗಳ ವ್ಯತ್ಯಾಸವನ್ನು. ಸ್ಥಿರವಾದುದಕ್ಕೆ ಸೆರ್, ತಾತ್ಕಾಲಿಕವಾದುದಕ್ಕೆ ಎಸ್ತಾರ್ ಎಂಬ ಸಿದ್ಧಸೂತ್ರವನ್ನು ಒಪ್ಪಿಸಿ ಕೈತೊಳೆದುಕೊಳ್ಳದೆ, ಶಿಕ್ಷಕಿ ಅದು ಎಲ್ಲಿ ಮುರಿಯುತ್ತದೆ ಎಂಬುದನ್ನೂ ತೋರಿಸಿದರು. ಮ್ಯಾಡ್ರಿಡ್ ಇದ್ದಲ್ಲಿಂದ ಕದಲುವುದಿಲ್ಲ, ಆದರೂ ‘ಮಾದ್ರಿದ್ ಎಸ್ತಾ ಎನ್ ಎಸ್ಪಾನ್ಯಾ’. ಸತ್ತವನು ಎದ್ದು ಬರುವುದಿಲ್ಲ, ಆದರೂ ‘ಎಸ್ತಾ ಮುಎರ್ತೊ’. ಊರೋ ವಸ್ತುವೋ ಎಲ್ಲಿದೆ ಎನ್ನಲು ಎಸ್ತಾರ್, ಸಮಾರಂಭ ಎಲ್ಲಿ ನಡೆಯುತ್ತದೆ ಎನ್ನಲು ಸೆರ್. ಸೆರ್ ಬಳಸಿ ‘ಎಸ್ ಅಬುರ್ರಿದೊ’ ಎಂದರೆ ಆತ ಬೇಸರ ಹುಟ್ಟಿಸುವ ಮನುಷ್ಯ, ಎಸ್ತಾರ್ ಬಳಸಿ ‘ಎಸ್ತಾ ಅಬುರ್ರಿದೊ’ ಎಂದರೆ ಆತನಿಗೇ ಬೇಸರವಾಗಿದೆ. ಇಷ್ಟು ಸ್ಪಷ್ಟವಾದ ವಿವರಣೆ ನನಗೆ ಬೇರೆಡೆ ಸಿಕ್ಕಿರಲಿಲ್ಲ.

‘ಹಿಡಿಸು’ ಎಂಬರ್ಥದ ‘ಗುಸ್ತಾರ್’ ಬಂದಾಗ ಮಾತ್ರ ಸಹನೆ ತಪ್ಪಿತು. ಇಂಗ್ಲಿಷ್ ವಾಕ್ಯವನ್ನು ಮುಂದಿಟ್ಟುಕೊಂಡು, ಅದನ್ನು ತಿರುವುಮುರುವು ಮಾಡಿ, ‘ಕಾಫಿ ನನಗೆ ಹಿತ ನೀಡುತ್ತದೆ’ ಎಂಬಂತೆ ಯೋಚಿಸಿರೆಂದು ಅರ್ಧ ಗಂಟೆ ಹೇಳಿಸಿದರು. ತರಗತಿಯಲ್ಲಿದ್ದ ಹದಿನಾಲ್ಕು ಮಂದಿಯಲ್ಲಿ ಒಂಬತ್ತು ಮಂದಿ ಕನ್ನಡಿಗರು. ‘ನನಗೆ ಕಾಫಿ ಹಿಡಿಸುತ್ತದೆ, ಮಾವಿನಹಣ್ಣುಗಳು ಹಿಡಿಸುತ್ತವೆ’ ಎಂದು ಹುಟ್ಟಿದಾರಭ್ಯ ಹೇಳುತ್ತ ಬಂದವರು. ‘ಮೆ ಗುಸ್ತಾ ಎಲ್ ಕಫೆ, ಮೆ ಗುಸ್ತಾನ್ ಲೊಸ್ ಮಾಂಗೊಸ್’ ಅದೇ ಕಟ್ಟು: ಚತುರ್ಥಿ ವಿಭಕ್ತಿಯೂ ಅದೇ, ಕ್ರಿಯಾಪದ ಹಣ್ಣಿನ ವಚನವನ್ನು ಅನುಸರಿಸುವುದೂ ಹಾಗೆಯೇ. ಸ್ಪ್ಯಾನಿಷ್‌ನಲ್ಲಿ ವ್ಯಕ್ತಿ ಕರ್ಮವಾದಾಗ ಆ ಪದಕ್ಕೆ ಮೊದಲು ಸೇರುವ ‘ಆ’ ಕೂಡ ನಮಗೆ ತೀರ ಅಪರಿಚಿತವಲ್ಲ. ‘ಪುಸ್ತಕ ನೋಡಿದೆ’ ಎನ್ನುತ್ತೇವೆ, ಆದರೆ ‘ಮರಿಯಾಳನ್ನು ನೋಡಿದೆ’ ಎಂದೇ ಹೇಳಬೇಕು. ಅಲ್ಲಿ ದ್ವಿತೀಯಾ ಪ್ರತ್ಯಯ ಬಿಡುವಂತಿಲ್ಲ. ಇದನ್ನು ನಾನು ಹೇಳಿದಾಗ ಶಿಕ್ಷಕಿ ನಕ್ಕು, ಮುಂದಿನ ಸ್ಲೈಡಿಗೆ ಹೋದರು.

ಕನ್ನಡ ಕೈಕೊಡುವ ಜಾಗವೆಂದರೆ ಲಿಂಗ. ಮೇಜು ಸ್ತ್ರೀಲಿಂಗ ಏಕೆಂದು ಕೇಳಿ ಫಲವಿಲ್ಲ. ‘ಪ್ರೊಬ್ಲೆಮಾ’ (ಸಮಸ್ಯೆ) ಬಹುತೇಕ ಸ್ತ್ರೀಲಿಂಗದ ಪದಗಳಂತೆ ‘ಆ’ಕಾರದಲ್ಲಿ ಮುಗಿದರೂ ಪುಲ್ಲಿಂಗ. ‘ಆಗ್ವಾ’ (ನೀರು) ಸ್ತ್ರೀಲಿಂಗವಾದರೂ ಒತ್ತಿ ನುಡಿಯುವ ‘ಆ’ಕಾರದಿಂದ ಆರಂಭವಾಗುವುದರಿಂದ ಏಕವಚನದಲ್ಲಿ ಪುಲ್ಲಿಂಗಕ್ಕೆ ಬರುವ ‘ಎಲ್’ ಸೇರಿ ‘ಎಲ್ ಆಗ್ವಾ’, ಅದಕ್ಕೆ ಹೊಂದುವ ವಿಶೇಷಣ ಮಾತ್ರ ಸ್ತ್ರೀಲಿಂಗದಲ್ಲೇ, ‘ಫ್ರಿಆ’ (ತಣ್ಣನೆಯ). ಇದಕ್ಕೆ ಕೊಟ್ಟ ಅಭ್ಯಾಸಪತ್ರಗಳು ಉತ್ತಮವಾಗಿವೆ. ‘ಗಾಗಿ’ ಎಂಬರ್ಥ ಬರುವ ‘ಪೊರ್’ ಮತ್ತು ‘ಪಾರಾ’ಗಳ ಪಾಠ ಅವಸರದ್ದು.

ದೊಡ್ಡ ಕೊರತೆಯೆಂದರೆ ಎಲ್ಲವೂ ಸ್ಪೇನಿನ ರೂಢಿಯಂತೆ ನಡೆದದ್ದು. ಹಲವರನ್ನು ಸಲುಗೆಯಿಂದ ಮಾತನಾಡಿಸಲು ಅಲ್ಲಿ ‘ವೊಸೊತ್ರೊಸ್’ ಬಳಸುತ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ಸಲುಗೆಗೂ ಗೌರವಕ್ಕೂ ‘ಉಸ್ತೆದೆಸ್’ ಒಂದೇ. ಕಲಿತದ್ದನ್ನು ನಂಬಿ ಮಿಂಚಂಚೆಯಲ್ಲಿ ವೊಸೊತ್ರೊಸ್‌ಗೆ ಹೊಂದುವ ‘ಪೊದೇಯ್ಸ್’ (ನಿಮ್ಮಿಂದ ಸಾಧ್ಯ) ಎಂದು ಬರೆದಾಗ, ಸ್ಪೇನಿನಲ್ಲಿ ಓದಿದಿರಾ ಎಂದು ಮೆಕ್ಸಿಕೊದ ಸಹೋದ್ಯೋಗಿ ಕೇಳಿದರು. ಮುಂದಿನ ಎ2 ಹಂತದಲ್ಲಾದರೂ ಇದನ್ನು ಸರಿಪಡಿಸುವಿರಾ ಎಂದು ಸಂಸ್ಥೆಗೆ ಬರೆದಿದ್ದೇನೆ. ಉತ್ತರ ನೋಡಿಕೊಂಡು ಶುಲ್ಕ ಕಟ್ಟುತ್ತೇನೆ.